ಮುನ್ನೂರು ಗ್ರಾಂ ಬೆಳ್ಳಿ

ಬ್ರೂಸ್‌ಪೇಟೆ, ಬಳ್ಳಾರಿ
9 ಜೂನ್ 2025

ಚನ್ನವೀರಮ್ಮ ಅಕ್ಕೋರಿಗೆ,

ನಿಮ್ಮ ಅಂಗನವಾಡಿಯ ಗೋಡೆ ಮೇಲೆ ಇದ್ದಿಲಿನಿಂದ ಬೆಕ್ಕು ಬರೆದು ಕಿವಿ ಹಿಂಡಿಸಿಕೊಂಡ ಪಂಪಾವತಿ ಬರೆಯುತ್ತಿದ್ದೇನೆ. ಹೆದರಬೇಡಿ, ಕೆಟ್ಟ ಸುದ್ದಿ ಏನೂ ಇಲ್ಲ. ಈಗ ಕಾಗದ ಬಂದರೆ ಜನ ಮೊದಲು ಹೆದರುತ್ತಾರೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಫೋನಿನ ಬೆಳಕಿಗೆ ನಿಮ್ಮ ಕಣ್ಣಲ್ಲಿ ನೀರು ಸುರಿಯುತ್ತದಂತೆ. ಸಿರುಗುಪ್ಪ ಬಸ್ಸಿನ ಕಂಡಕ್ಟರ್ ವಾಲ್ಮೀಕಿ ಹೇಳಿದ. ಅದಕ್ಕೇ ಕಾಗದ. ಅಲ್ಲದೆ ನಾನು ಕಳಿಸುತ್ತಿರುವುದು ಚಿತ್ರಗಳನ್ನು. ಅವನ್ನು ನೀವು ಕೈಯಲ್ಲಿ ಹಿಡಿದು, ನಿಮ್ಮ ಕೆಂಪು ಪೆನ್ಸಿಲ್ಲಿನಿಂದ ತಿದ್ದಬೇಕು.

ನಾನೀಗ ಕುರುಗೋಡಿನ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ದಿನಾ ಬೆಳಿಗ್ಗೆ ಬಳ್ಳಾರಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಳೆದ ವರ್ಷದಿಂದ ಯಂತ್ರ ಕಲಿಕೆ ಎಂಬ ಹೊಸ ಪಾಠವೂ ಸೇರಿದೆ. ಕಂಪ್ಯೂಟರಿಗೆ ನೂರಾರು ಉದಾಹರಣೆ ತೋರಿಸಿ, ಮುಂದಿನದನ್ನು ಅದೇ ಊಹಿಸುವಂತೆ ಮಾಡುವ ವಿದ್ಯೆ ಅದು. ನನ್ನ ಮೂವತ್ತೆರಡು ಹುಡುಗಿಯರಲ್ಲಿ ಹತ್ತೊಂಬತ್ತು ಮಂದಿ ಫೇಲಾದರು. ದಡ್ಡರಲ್ಲ ಅಕ್ಕೋರೆ. ಪುಸ್ತಕದ ಮೊದಲ ಪುಟದಲ್ಲೇ ಗ್ರೀಕ್ ಅಕ್ಷರ ನೋಡಿ ಅವರ ಜೀವ ಬಾಯಿಗೆ ಬರುತ್ತದೆ. "ಮೇಡಂ, ಇದು ನಮ್ಮಂಥವರಿಗಲ್ಲ ಬಿಡ್ರಿ" ಎಂದು ಒಬ್ಬಳು ಅಂದಳು. ಆ ಮಾತನ್ನು ನನಗೆ ತಡೆಯಲಾಗಲಿಲ್ಲ. ಆವತ್ತೇ ತೀರ್ಮಾನ ಮಾಡಿದೆ: ಈ ಪಾಠ ಪೂರ್ತಿ ಚಿತ್ರಗಳಲ್ಲಿ, ಕನ್ನಡದಲ್ಲಿ ಒಂದು ಪುಸ್ತಕ ಮಾಡುತ್ತೇನೆ. ಅಚ್ಚು ಹಾಕಿಸಲು ಪ್ರಿನ್ಸಿಪಾಲರು ಒಪ್ಪಿದ್ದಾರೆ, ಸೆಪ್ಟೆಂಬರ್ ಕೊನೆಗೆ ಮುಗಿಯಬೇಕು ಅಂದಿದ್ದಾರೆ.

ನನ್ನ ಶರತ್ತು ಒಂದೇ. ನಿಮಗೆ ಅರ್ಥವಾದ ಚಿತ್ರ ಪುಸ್ತಕದಲ್ಲಿ ಉಳಿಯುತ್ತದೆ. ಅರ್ಥವಾಗದ್ದನ್ನು ಹರಿದು ಹಾಕುತ್ತೇನೆ. ನನಗೆ ಮೊದಲ ಅಕ್ಷರ ತಿದ್ದಿಸಿದವರು ನೀವು. ನಿಮ್ಮ ಕಣ್ಣಿಗೆ ಹಿಡಿಸಿದರೆ ಯಾರ ಕಣ್ಣಿಗಾದರೂ ಹಿಡಿಸುತ್ತದೆ. ಇದರೊಳಗೆ ಮೊದಲನೆಯದಿದೆ: ಹಲಗೆಯ ಮೇಲೆ ಮಕ್ಕಳು ಕೂತಿದ್ದಾರೆ, ಹಲಗೆ ಸಮನಾಗಿ ನಿಲ್ಲುವ ಜಾಗದ ಅಡಿಗೆ ಕಲ್ಲು ಇದೆ. ಆ ಜಾಗವೇ ಸರಾಸರಿ.

ಅಮ್ಮ ಚೆನ್ನಾಗಿದ್ದಾಳೆ. ಜೀನ್ಸ್ ಹೊಲಿಗೆ ಬಿಟ್ಟು ವರ್ಷವಾಯಿತು. ಆದರೆ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುವುದನ್ನು ಬಿಟ್ಟಿಲ್ಲ. "ಕೆಂಪು ಗೆರಿ ಕೆಳಗಿದ್ದ ಕೂಸು ನೀನು, ತಿನ್ನು" ಅನ್ನುತ್ತಾಳೆ. ತೂಕ ಸಾಲದ ಮಕ್ಕಳನ್ನು ತೋರಿಸಲು ನೀವು ಎಳೆಯುತ್ತಿದ್ದ ಆ ಗೆರೆಯನ್ನು ಅವಳು ಮರೆತಿಲ್ಲ. ನನಗೆ ಇಪ್ಪತ್ತೇಳು ತುಂಬಿದೆ!

ನಿಮ್ಮ ಪಂಪಾವತಿ

⁂

ಸಿರುಗುಪ್ಪ ತಾಲೂಕಿನ ಹೊಳೆದಂಡೆಯಿಂದ
21 ಜೂನ್ 2025

ಚಿ. ಪಂಪಾವತಿಗೆ ಚನ್ನವೀರಮ್ಮನ ಆಶೀರ್ವಾದಗಳು.

ಅಂಚೆಯವನು "ಅಕ್ಕೋರೆ, ಇದ್ರಾಗ ಏನೈತ್ರೀ, ಇಷ್ಟು ದಪ್ಪ?" ಅಂದ. "ನನ್ನ ಕೂಸು ಕಾಲೇಜಿನ್ಯಾಗ ಮೇಡಂ ಆಗೈತಿ, ನನ್ನ ಹತ್ರ ಪಾಠ ತಿದ್ದಿಸಿಕೊಂತೈತಿ" ಅಂದೆ. ಮೂರು ಮನೆಗೆ ಕೇಳುವ ಹಾಗೆ ಅಂದೆ. ಹಮ್ಮು ಅನ್ನಬಹುದು ಜನ. ಅನ್ನಲಿ.

ನಿನ್ನ ಹಲಗೆಯ ಚಿತ್ರ ಅರ್ಥವಾಯಿತು. ಆದರೆ ಅರ್ಧ ಸುಳ್ಳು ಹೇಳುತ್ತದೆ. ನಮ್ಮ ಗಾದಿಲಿಂಗಪ್ಪನ ಮೊಮ್ಮಗ ಗುಂಡನೆಯವನು, ನೀನು ನೋಡಿಲ್ಲ. ಅವನನ್ನು ಒಂದು ತುದಿಗೆ ಕೂರಿಸು. ಕಲ್ಲನ್ನು ಅವನ ಕಡೆಗೇ ಸರಿಸಬೇಕಾಗುತ್ತದೆ. ಆಗ ನೀನು ತೋರಿಸುವ ಸರಾಸರಿ ಉಳಿದ ಯಾವ ಕೂಸಿಗೂ ಹೊಂದುವುದಿಲ್ಲ. ನಾನಾದರೆ ಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿ, ನಡುವೆ ನಿಂತವಳನ್ನು ನೋಡುತ್ತಿದ್ದೆ. ಅವಳು ಹೇಗಿದ್ದಾಳೋ ಊರು ಹಾಗಿದೆ. ಇದಕ್ಕೂ ನಿಮ್ಮ ಪುಸ್ತಕದಲ್ಲಿ ಒಂದು ಹೆಸರಿರಬೇಕು. ಇಲ್ಲದಿದ್ದರೆ ನನ್ನ ಹೆಸರು ಇಡು.

ಇನ್ನೊಂದು. ಯಂತ್ರ ಉದಾಹರಣೆ ನೋಡಿ ಕಲಿಯುತ್ತದೆ ಅಂದೆಯಲ್ಲ, ಹೇಗೆ ಕಲಿಯುತ್ತದೆ ಎಂದು ನನಗೆ ಅನುಮಾನ. ಕಂಡಕ್ಟರ್ ವಾಲ್ಮೀಕಿ ನಾಲ್ಕು ವರ್ಷದವನಿದ್ದಾಗ ಗೋಡೆಯ ಚಿತ್ರಪಟ ನೋಡಿ "ಅರಸ, ಆನಿ, ಇಲಿ" ಎಂದು ಪಟಪಟ ಹೇಳುತ್ತಿದ್ದ. ಎಲ್ಲರಿಗಿಂತ ಜಾಣ ಅಂದುಕೊಂಡಿದ್ದೆ. ಒಂದು ದಿನ ಪಟವನ್ನು ತಲೆಕೆಳಗಾಗಿ ನೇತುಹಾಕಿದೆ. ಆಗಲೂ ಮೇಲಿನಿಂದ "ಅರಸ, ಆನಿ, ಇಲಿ" ಎಂದೇ ಹೇಳಿದ. ಅವನು ಚಿತ್ರ ಕಲಿತಿರಲಿಲ್ಲ, ಜಾಗ ಕಲಿತಿದ್ದ. ನಿನ್ನ ಯಂತ್ರವೂ ಹೀಗೆ ಬಾಯಿಪಾಠ ಹೊಡೆಯುತ್ತದೇನು? ನೋಡಿಕೋ.

ನಿಮ್ಮ ಅವ್ವ ಗಾದೆಮ್ಮನಿಗೆ ನಾನು ಕೇಳಿದೆ ಎಂದು ಹೇಳು. ಬೇಡ, ಬಿಡು. ಏನೂ ಹೇಳಬೇಡ.

ಚನ್ನವೀರಮ್ಮ

⁂

ಬಳ್ಳಾರಿ
10 ಜುಲೈ 2025

ಅಕ್ಕೋರೆ,

ನೀವು ಕೇಳಿದ ಆ ನಡುವಿನ ಹುಡುಗಿಗೆ ಹೆಸರಿದೆ, ಮಧ್ಯಾಂಕ. ತಡವಾಯಿತು, ನಿಮ್ಮ ಹೆಸರಿಡಲಾಗಲಿಲ್ಲ. ವಾಲ್ಮೀಕಿಯ ಕಥೆಗೂ ಹೆಸರಿದೆ! ಯಂತ್ರಗಳ ದೊಡ್ಡ ರೋಗವೇ ಅದು. ಕಲಿಸಿದ ಉದಾಹರಣೆಗಳನ್ನು ಬಾಯಿಪಾಠ ಮಾಡಿ, ಹೊಸದು ಬಂದರೆ ಪಿಳಿಪಿಳಿ ಕಣ್ಣು ಬಿಡುತ್ತವೆ. ಅದಕ್ಕೇ ನಾವು ಕೆಲವು ಪುಟಗಳನ್ನು ಯಂತ್ರಕ್ಕೆ ತೋರಿಸದೆ ಮುಚ್ಚಿಟ್ಟು, ಆಮೇಲೆ ಅವುಗಳಿಂದಲೇ ಪರೀಕ್ಷೆ ಮಾಡುತ್ತೇವೆ. ತಲೆಕೆಳಗಾದ ಚಿತ್ರಪಟ, ಅದರ ಮುಂದೆ ಎದೆಯುಬ್ಬಿಸಿ ನಿಂತ ಸಣ್ಣ ವಾಲ್ಮೀಕಿ: ಎರಡನೇ ಅಧ್ಯಾಯಕ್ಕೆ ಇದನ್ನೇ ಬರೆದೆ. ತರಗತಿಯಲ್ಲಿ ತೋರಿಸಿದಾಗ ನಕ್ಕು ನಕ್ಕು ಹುಡುಗಿಯರಿಗೆ ಸಾಕಾಯಿತು. ನಮ್ಮಂಥವರಿಗಲ್ಲ ಅಂದಿದ್ದ ಅಕ್ಷತಾ ಎದ್ದು ನಿಂತು, "ಅಂದ್ರ ನಾವು ಗೈಡ್ ಓದಿ ಪರೀಕ್ಷೆ ಬರಿಯೋದೂ ಇದ ಅಲ್ಲೇನ್ರಿ ಮೇಡಂ?" ಅಂದಳು. ಅಕ್ಕೋರೆ, ಆ ಕ್ಷಣಕ್ಕೆ ನನಗೆ ಆಕಾಶ ಮೂರೇ ಗೇಣು ಉಳಿದಿತ್ತು.

ಈಗ ಕೊನೆಯ ಅಧ್ಯಾಯ. ಅದರಲ್ಲಿ ಒಂದು ಯಂತ್ರಕ್ಕೆ ನಿಜವಾದ ಉದಾಹರಣೆ ಕೊಟ್ಟು ಕಲಿಸಿ ತೋರಿಸಬೇಕು. ಪುಸ್ತಕಗಳಲ್ಲಿ ಯಾವುದೋ ದೇಶದ ಹೂವಿನ ಎಸಳಿನ ಅಳತೆ ಕೊಡುತ್ತಾರೆ. ನನ್ನ ಹುಡುಗಿಯರಿಗೆ ಅದು ಬೇಡ. ನೀವು ಮಕ್ಕಳ ತೂಕವನ್ನು ಸ್ವಂತಕ್ಕೆ ಬರೆದಿಟ್ಟುಕೊಂಡ ನೋಟ್‌ಬುಕ್‌ಗಳಿದ್ದವಲ್ಲ, ಟ್ರಂಕಿನಲ್ಲಿ? ಅವನ್ನು ಕೊಡಿ. ಯಾವ ಕೂಸು ಕೆಂಪು ಗೆರೆಯ ಕೆಳಗೆ ಬೀಳಬಹುದು ಎಂದು ಯಂತ್ರ ಊಹಿಸಲಿ. ಹೆಸರುಗಳನ್ನು ಎಲ್ಲೂ ಹಾಕುವುದಿಲ್ಲ.

ಪಂಪಾವತಿ

⁂

ಹೊಳೆದಂಡೆ
4 ಆಗಸ್ಟ್ 2025

ಪಂಪಾವತಿಗೆ,

ಉತ್ತರ ತಡವಾಯಿತು. ಟ್ರಂಕಿನ ಕೀಲಿ ಸಿಕ್ಕಿರಲಿಲ್ಲ ಎಂದು ಬರೆಯೋಣ ಅಂದುಕೊಂಡೆ. ಕೀಲಿ ಅಲ್ಲೇ ಇತ್ತು.

ಉಳಿದಿರುವ ಒಂಬತ್ತು ನೋಟ್‌ಬುಕ್ ವಾಲ್ಮೀಕಿಯ ಕೈಯಲ್ಲಿ ಕಳಿಸಿದ್ದೇನೆ. ಸಾಲುಗಳು ಹೀಗಿವೆ: ಕೂಸಿನ ಹೆಸರು, ತಾಯಿಯ ಹೆಸರು, ವಯಸ್ಸು, ತಕ್ಕಡಿ ತೋರಿಸಿದ ತೂಕ, ಬೆಳ್ಳಿ, ಉಳಿದ ತೂಕ. ಬೆಳ್ಳಿ ಯಾಕೆ ಎಂದು ನಿನ್ನ ಹುಡುಗಿಯರು ಕೇಳಬಹುದು. ತೂಗುವಾಗ ಉಡಿದಾರ, ಕಡಗ, ಕಾಲ್ಗೆಜ್ಜೆ ಬಿಚ್ಚಬೇಕೆಂಬುದು ನಿಯಮ. ನಮ್ಮ ಊರಲ್ಲಿ ಕೂಸಿನ ನಡುವಿನಿಂದ ಉಡಿದಾರ ಬಿಚ್ಚುವ ತಾಯಿ ಯಾರಿದ್ದಾಳೆ? ದೃಷ್ಟಿಯಾದೀತು ಎಂದು ಬಡಿದಾಟಕ್ಕೆ ಬರುತ್ತಿದ್ದರು. ಹಾಗಾಗಿ ಹಾಕಿಕೊಂಡೇ ತೂಗುತ್ತಿದ್ದೆ. ಬೆಳ್ಳಿಯ ತೂಕವನ್ನು ಅದನ್ನು ಮಾಡಿಕೊಟ್ಟ ಪತ್ತಾರನ ಬಾಯಿಂದ ಕೇಳಿ, ಆಮೇಲೆ ಕಳೆಯುತ್ತಿದ್ದೆ.

ಅಂಕಿ ಮಾತ್ರ ತೆಗೆದುಕೋ. ಹೆಸರು ಓದಬೇಡ. ಕೆಲಸ ಮುಗಿದ ಕೂಡಲೇ ವಾಪಸು ಕಳಿಸು.

ಚನ್ನವೀರಮ್ಮ

⁂

ಬಳ್ಳಾರಿ
27 ಆಗಸ್ಟ್ 2025

ನನ್ನ ಅಕ್ಕೋರೆ,

ಕೂತುಕೊಂಡು ಓದಿರಿ. ಇಂಥ ಅಧ್ಯಾಯ ಯಾವ ಪುಸ್ತಕದಲ್ಲೂ ಇಲ್ಲ, ನನಗೆ ಗೊತ್ತು!

ಹೆಸರಿನ ಸಾಲಿನ ಮೇಲೆ ಕಾಗದದ ಪಟ್ಟಿ ಅಂಟಿಸಿ ಎಲ್ಲ ಅಂಕಿಗಳನ್ನೂ ಕಂಪ್ಯೂಟರಿಗೆ ಹಾಕಿದೆ. ಪ್ರತಿ ಕೂಸಿಗೊಂದು ಚುಕ್ಕಿ. ನೀವು ಎಳೆದಿದ್ದ ಕೆಂಪು ಗೆರೆಯನ್ನು ಹಾಗೇ ಎಳೆದೆ. ಆಮೇಲೆ ಯಂತ್ರಕ್ಕೆ ಹೇಳಿದೆ: ಒಂದೊಂದೇ ಪ್ರಶ್ನೆ ಕೇಳುತ್ತಾ ಹೋಗು, ಗೆರೆಯ ಕೆಳಗಿನ ಕೂಸನ್ನು ಗುರುತಿಸು. ಇದನ್ನು ನಾನು ಮರದ ಹಾಗೆ ಬರೆದಿದ್ದೇನೆ. ಪ್ರಶ್ನೆಗೊಂದು ಕವಲು: ಹೌದು ಅಂದರೆ ಬಲಕ್ಕೆ, ಇಲ್ಲ ಅಂದರೆ ಎಡಕ್ಕೆ. ಮೊದಲ ಪ್ರಶ್ನೆ ವಯಸ್ಸಿನದಾಗುತ್ತದೆ ಅಂದುಕೊಂಡಿದ್ದೆ. ಅಲ್ಲ! "ಮೈಮೇಲೆ ಮುನ್ನೂರು ಗ್ರಾಂ ಬೆಳ್ಳಿ ಇದೆಯೆ?" ಎಂದು ಅದು ಕೇಳಿತು. ಇದ್ದರೆ ಕೂಸು ಗೆರೆಯ ಕೆಳಗೆ. ಒಂಬತ್ತೂ ನೋಟ್‌ಬುಕ್ ಸೇರಿ ಅಂಥ ಮಕ್ಕಳು ನಲವತ್ತೊಂದು, ನಲವತ್ತೊಂದೂ ಸರಿ. ವಾಲ್ಮೀಕಿಯ ರೋಗ ಬಂತೇನೋ ಎಂದು ಮುಚ್ಚಿಟ್ಟ ಪುಟಗಳಲ್ಲೂ ಪರೀಕ್ಷೆ ಮಾಡಿದೆ. ಅಲ್ಲೂ ಈ ಪ್ರಶ್ನೆ ತಪ್ಪಲಿಲ್ಲ.

ಅರ್ಥ ಸ್ಪಷ್ಟವಾಗಿದೆ. ಕೆಲವು ಮನೆಗಳಲ್ಲಿ ಕೂಸಿಗೆ ಬೆಳ್ಳಿ ಹೇರಿದರು, ಹೊಟ್ಟೆಗೆ ಹಾಕಲಿಲ್ಲ. ಹಾಗಾಗಿ ಕೊನೆಯ ಚಿತ್ರ ಹೀಗಿದೆ: ಒಬ್ಬ ತಾಯಿ ಕೂಸಿನ ನಡುವಿಗೆ ಬೆಳ್ಳಿ ಉಡಿದಾರ ಕಟ್ಟುತ್ತಿದ್ದಾಳೆ, ಪಕ್ಕದಲ್ಲಿ ಖಾಲಿ ತಟ್ಟೆ. ಕೆಳಗೆ, "ತಾಯಿ ಕಾಣದ್ದನ್ನು ಯಂತ್ರ ಕಂಡಿತು." ಪ್ರಿನ್ಸಿಪಾಲರು ಈ ಚಿತ್ರವನ್ನೇ ಮುಖಪುಟಕ್ಕೆ ಹಾಕಿ ಅಂದರು. ಸೆಪ್ಟೆಂಬರ್ 29ಕ್ಕೆ ಇಲ್ಲೇ ಬ್ರೂಸ್‌ಪೇಟೆಯ ಪ್ರೆಸ್ಸಿಗೆ ಹೋಗುತ್ತದೆ.

ನಿಮ್ಮ ಅಂಕಿಗಳಿಂದ ಆದದ್ದು ಅಕ್ಕೋರೆ. ಬೆನ್ನು ತಟ್ಟುತ್ತೀರಿ ತಾನೆ?

ಪಂಪಾವತಿ

⁂

4 ಸೆಪ್ಟೆಂಬರ್ 2025

ಪಂಪಾವತಿಗೆ,

ಕೊನೆಯ ಚಿತ್ರ ನನಗೆ ಅರ್ಥವಾಗಲಿಲ್ಲ. ನೀನೇ ಹಾಕಿದ ಶರತ್ತಿನಂತೆ ಹರಿದು ಹಾಕು.

ಚನ್ನವೀರಮ್ಮ

⁂

ಬಳ್ಳಾರಿ
12 ಸೆಪ್ಟೆಂಬರ್ 2025

ಅಕ್ಕೋರಿಗೆ,

ಒಂದೂವರೆ ಸಾಲು. ಅದೂ ಯಾವ ಚಿತ್ರಕ್ಕೆ! ಕ್ಷಮಿಸಿ, ನಿಮಗೆ ಅರ್ಥವಾಗಲಿಲ್ಲ ಎಂಬುದನ್ನು ನಾನು ನಂಬುವುದಿಲ್ಲ. ಹಲಗೆಯ ಚಿತ್ರದಲ್ಲಿ ನನಗೇ ಕಾಣದ ಹುಳುಕು ಕಂಡವರು ನೀವು. ನಮ್ಮ ಊರಿನ ಹೆಂಗಸರ ಮಾನ ಹೋಗುತ್ತದೆ ಎಂದು ನಿಮಗೆ ಅನ್ನಿಸಿರಬೇಕು. ಅನ್ನಿಸಲಿ, ಆದರೆ ಅಂಕಿ ಸುಳ್ಳು ಹೇಳುವುದಿಲ್ಲ. ನನ್ನ ಹುಡುಗಿಯರು ನಾಳೆ ತಾಯಂದಿರಾಗುತ್ತಾರೆ, ಅವರಿಗೆ ಇದು ಗೊತ್ತಾಗಬೇಕು.

ಶರತ್ತು ಮುರಿಯುತ್ತಿದ್ದೇನೆ. ಈ ಚಿತ್ರ ಹರಿಯುವುದಿಲ್ಲ.

ಪಂಪಾವತಿ

⁂

ಬಳ್ಳಾರಿ
23 ಸೆಪ್ಟೆಂಬರ್ 2025

ಅಕ್ಕೋರೆ,

ನೀವು ಆ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಬರೆಯುವುದೂ ಬೇಡ, ಇದಕ್ಕೆ ಬರೆಯಿರಿ.

ನಿನ್ನೆ ಮಧ್ಯಾಹ್ನ ಮುಖಪುಟದ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದೆ. ಅಮ್ಮ ಬಂದು ನೋಡಿದಳು. "ಈಕಿ ಯಾರು? ತಾಟು ಯಾಕ ಖಾಲಿ ಐತಿ?" ಅಂದಳು. ವಿವರಿಸಿದೆ. ಅಮ್ಮನ ಮುಖ ಸಣ್ಣದಾಯಿತು. "ನೀನೂ ಕೆಂಪು ಗೆರಿ ಕೆಳಗ ಇದ್ದಿ. ನಿನ್ನ ಮೈಮ್ಯಾಲೆ ಎಷ್ಟು ಬೆಳ್ಳಿ ಇತ್ತು ಅಂತ ಬರದಾರ, ನೋಡು" ಅಂದಳು. ಹೆಸರು ಓದಬೇಡ ಅಂದಿದ್ದಿರಿ. ಪಟ್ಟಿ ಕಿತ್ತು ಓದಿದೆ. 2000ದ ನೋಟ್‌ಬುಕ್: ಪಂಪಾವತಿ, ತಾಯಿ ಗಾದೆಮ್ಮ, ಎರಡು ವರ್ಷ. ತಕ್ಕಡಿ 9 ಕೆಜಿ 100. ಬೆಳ್ಳಿ 300. ಉಳಿದದ್ದು 8 ಕೆಜಿ 800. ಆ ವಯಸ್ಸಿನ ಹೆಣ್ಣುಮಕ್ಕಳಿಗೆ ನೀವು ಎಳೆದ ಕೆಂಪು ಗೆರೆ 9 ಕೆಜಿಗೆ.

ಅಮ್ಮ ನಕ್ಕಳು. ನಗುವಲ್ಲ ಅದು. "ಬೆಳ್ಳಿ? ನಮ್ಮ ಮನ್ಯಾಗ? ನಿನ್ನ ನಡಕ್ಕ ಇದ್ದದ್ದು ಕರೇ ದಾರಲೇ. ಕಾಲಾಗ ಒಂದು ಹಿತ್ತಾಳಿ ಗೆಜ್ಜಿನೂ ಇರ್ಲಿಲ್ಲ" ಅಂದಳು.

ನನ್ನ ನಡುವಿಗೆ ಕರಿ ದಾರವಿತ್ತು. ನಿಮ್ಮ ಪುಸ್ತಕದಲ್ಲಿ ಮುನ್ನೂರು ಗ್ರಾಂ ಬೆಳ್ಳಿಯಿದೆ. ಯಾವುದು ನಿಜ? ಇನ್ನು ಆರು ದಿನಕ್ಕೆ ಪುಸ್ತಕ ಪ್ರೆಸ್ಸಿಗೆ ಹೋಗುತ್ತದೆ. ಈ ಕಾಗದವನ್ನು ವಾಲ್ಮೀಕಿ ನಿಮ್ಮ ಕೈಗೇ ಕೊಡುತ್ತಾನೆ.

ಪಂಪಾ

⁂

ಹೊಳೆದಂಡೆ
26 ಸೆಪ್ಟೆಂಬರ್ 2025

ಮಗಾ ಪಂಪಾ,

ಕರಿ ದಾರ ನಿಜ.

ಎಷ್ಟೊಂದು ಚುಕ್ಕಿ ಇಟ್ಟೆಯಲ್ಲೇ! ನಲವತ್ತೊಂದು ಮನೆಯ ಬೆಳ್ಳಿ ಒಂದೇ ತೂಕ ಹೇಗೆ ಬಂತು ಎಂದು ಒಮ್ಮೆಯಾದರೂ ಕೇಳಬಾರದಿತ್ತೇ? ಉಳಿದವರ ಬೆಳ್ಳಿ ನೋಡು: ನಲವತ್ತು, ಅರವತ್ತೈದು, ನೂರಾ ಹತ್ತು. ಅವು ನಿಜ. ಎಲ್ಲಿ ಮುನ್ನೂರು ಇದೆಯೋ ಅಲ್ಲಿ ಬೆಳ್ಳಿಯೇ ಇರಲಿಲ್ಲ. ಒಂದೇ ಸುಳ್ಳಾದರೆ ನೆನಪಿಡುವುದು ಸುಲಭವೆಂದು ಎಲ್ಲರಿಗೂ ಅದನ್ನೇ ಬರೆದೆ. ನಿನ್ನ ಯಂತ್ರ ಹಸಿವನ್ನು ಕಂಡುಹಿಡಿಯಲಿಲ್ಲ ಮಗಾ. ನನ್ನನ್ನು ಕಂಡುಹಿಡಿಯಿತು.

ಯಾಕೆ ಎಂದು ಹೇಳುತ್ತೇನೆ. ಗೆರೆಯ ಕೆಳಗಿನ ಕೂಸಿಗೆ ಪೌಷ್ಟಿಕ ಹಿಟ್ಟು ಎರಡು ಪಾಲು. ಮೇಲಿದ್ದರೆ ಒಂದು. ನಾನು ಸೇರಿದ ಹೊಸದರಲ್ಲಿ ಸುಂಕಣ್ಣ ಎಂಬ ಕೂಸು ಗೆರೆಗಿಂತ ನೂರು ಗ್ರಾಂ ಮೇಲೆ ತೂಗಿತು. ನಿಯಮ ನಿಯಮವೇ ಎಂದು ಒಂದು ಪಾಲು ಕೊಟ್ಟು ಕಳಿಸಿದೆ. ಮುಂದಿನ ತಿಂಗಳು ಭೇದಿ ಹತ್ತಿತು. ಅದರ ಮುಂದಿನ ತಿಂಗಳು ಅದನ್ನು ತಕ್ಕಡಿಯ ಜೋಳಿಗೆಯಲ್ಲಿ ಹಾಕಿದರೆ ಮುಳ್ಳು ಅಲುಗಾಡಲೇ ಇಲ್ಲವೇನೋ ಅನ್ನಿಸಿತು. ಬದುಕಿತು. ಈಗ ಕೆಂಚನಗುಡ್ಡದ ಹತ್ತಿರ ಭತ್ತದ ಗದ್ದೆ ಮಾಡುತ್ತಾನೆ, ನನ್ನನ್ನು ನೋಡಿದರೆ ಬೈಕು ನಿಲ್ಲಿಸುತ್ತಾನೆ. ಆದರೆ ಅವತ್ತು ನಾನು ತಕ್ಕಡಿಯ ಮುಂದೆ ನಿಂತು ಅತ್ತೆ. ಗೆರೆಯ ನೂರು ಗ್ರಾಂ ಮೇಲಿನ ಕೂಸಿಗೂ ನೂರು ಗ್ರಾಂ ಕೆಳಗಿನ ಕೂಸಿಗೂ ಹಸಿವು ಒಂದೇ. ಗೆರೆಗೆ ಅದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆ ತಿಂಗಳಿಂದ ಗೆರೆಯ ಅಂಚಿನ ಮಕ್ಕಳಿಗೆಲ್ಲ ಪುಸ್ತಕದಲ್ಲಿ ಬೆಳ್ಳಿ ತೊಡಿಸಿದೆ. ಹಿಟ್ಟು ಬರುತ್ತಿದ್ದದ್ದು ನಾನು ಬರೆದು ಕಳಿಸಿದ ಹೆಸರುಗಳ ಲೆಕ್ಕದಲ್ಲಿ, ಹಾಗಾಗಿ ಯಾರ ಪಾಲೂ ಕಡಿಮೆಯಾಗಲಿಲ್ಲ. ಎಲ್ಲ ಕೇಂದ್ರಗಳಿಗಿಂತ ನಮ್ಮಲ್ಲೇ ಕೆಂಪು ಹೆಚ್ಚೆಂದು ಮೇಲಿನವರು ಪ್ರತಿ ಮೀಟಿಂಗಿನಲ್ಲಿ ನನ್ನನ್ನು ಎದ್ದು ನಿಲ್ಲಿಸುತ್ತಿದ್ದರು. ನಿಂತೆ. ಇಪ್ಪತ್ತು ವರ್ಷ ನಿಂತೆ. ಅವರ ಮುಂದೆ ನಾನು ತಲೆ ತಗ್ಗಿಸಿಲ್ಲ, ಇವತ್ತೂ ತಗ್ಗಿಸುವುದಿಲ್ಲ.

ತಲೆ ತಗ್ಗಿಸಬೇಕಾದ್ದು ಗಾದೆಮ್ಮನ ಮುಂದೆ. "ನಿನ್ನ ಕೂಸು ಕೆಂಪು ಗೆರಿ ಕೆಳಗ ಐತಿ" ಎಂದು ಹತ್ತು ಹೆಂಗಸರ ಎದುರು ಹೇಳಿದೆ. ಅವಳು ನಿನ್ನನ್ನು ಸೊಂಟಕ್ಕೆ ಏರಿಸಿಕೊಂಡು, ಸೆರಗು ಮುಂದಕ್ಕೆ ಎಳೆದುಕೊಂಡು ಹೊರಟುಹೋದಳು. ಅವಳ ಕಿವಿಯಲ್ಲಿ ನಿಜ ಹೇಳಬಹುದಿತ್ತು. ನಲ್ಲಿಯ ಹತ್ತಿರ ಯಾರಿಗಾದರೂ ಅಂದುಬಿಟ್ಟರೆ ಎಂದು ಹೆದರಿದೆ. ಅದಾದ ಎರಡು ವರ್ಷಕ್ಕೆ ನೀವು ಬಳ್ಳಾರಿಗೆ ಹೋದಿರಿ, ಅವಳು ಮತ್ತೆ ಈ ಊರಿಗೆ ಕಾಲಿಡಲಿಲ್ಲ. ನಿನ್ನ ಮೊದಲ ಕಾಗದದಲ್ಲಿ ಇನ್ನೂ ರೊಟ್ಟಿ ಹಾಕುತ್ತಾಳೆ ಎಂದು ಓದಿದಾಗ ನನಗೆ ಆ ದಿನ ಊಟ ಸೇರಲಿಲ್ಲ.

ಆ ಖಾಲಿ ತಟ್ಟೆಯ ಚಿತ್ರ ಹರಿದು ಹಾಕು. ನಮ್ಮ ಊರಿನ ತಾಯಂದಿರು ತಾವು ಉಪವಾಸ ಇದ್ದು ಕೂಸಿಗೆ ಉಣಿಸಿದವರು. ಸುಳ್ಳು ನನ್ನದು. ಕೊನೆಯ ಅಧ್ಯಾಯದಲ್ಲಿ ಅದನ್ನೇ ಬರೆ, ನನ್ನ ಹೆಸರು ಹಾಕಿ ಬರೆ. ಅಂಕಿ ಸುಳ್ಳು ಹೇಳುವುದಿಲ್ಲ ಅಂದೆಯಲ್ಲ. ಅಂಕಿಯನ್ನು ಯಾರೋ ಒಬ್ಬರು ಬರೆದಿರುತ್ತಾರೆ ಎಂದು ನಿನ್ನ ಹುಡುಗಿಯರಿಗೆ ಗೊತ್ತಾಗಲಿ.

ಗಾದೆಮ್ಮನಿಗೆ ನೀನು ಹೇಳುತ್ತೀಯೋ, ನಾನು ಬರಲೋ?

ಚನ್ನವೀರಮ್ಮ

⁂

ಬಳ್ಳಾರಿ
19 ಅಕ್ಟೋಬರ್ 2025

ನನ್ನ ಅಕ್ಕೋರೆ,

ಪ್ರೆಸ್ಸಿನಿಂದ ಹಾಳೆಗಳನ್ನು ವಾಪಸು ತಂದೆ. ಪ್ರಿನ್ಸಿಪಾಲರಿಗೆ "ನಾನು ತಪ್ಪು ಮಾಡಿದ್ದೇನೆ ಸರ್" ಅಂದೆ. ಒಂದು ತಿಂಗಳು ಸಮಯ ಕೊಟ್ಟರು. ಖಾಲಿ ತಟ್ಟೆಯ ಚಿತ್ರವನ್ನು ನಾಲ್ಕು ಚೂರು ಮಾಡಿದೆ.

ಆಮೇಲೆ ಹೆಸರು ಮುಚ್ಚಿದ ನಿಮ್ಮ ಪುಟಗಳನ್ನು ತರಗತಿಗೆ ಒಯ್ದೆ. ಏನೂ ಹೇಳದೆ ಹಂಚಿದೆ. ಐದು ನಿಮಿಷ ಆಗಿರಲಿಲ್ಲ, ಅಕ್ಷತಾ ಕೈ ಎತ್ತಿದಳು: "ಮೇಡಂ, ಇಷ್ಟು ಮಂದಿ ಬೆಳ್ಳಿ ಪೂರಾ ಮುನ್ನೂರs? ಇದು ಯಾರೋ ಬೇಕಂತ ಬರದಾರ್ರಿ." ನನಗೆ ಒಂದು ತಿಂಗಳಲ್ಲಿ ಕಾಣದ್ದು ಅವಳಿಗೆ ಐದು ನಿಮಿಷಕ್ಕೆ ಕಂಡಿತು. ಕಾಲೇಜಿನಲ್ಲಿ ಯಾರನ್ನೂ ಇಷ್ಟು ಜೋರಾಗಿ ಹೊಗಳಿಲ್ಲ ನಾನು. ನಿಮ್ಮ ಕಥೆ ಹೇಳಿದೆ.

ಬೆಳ್ಳಿಯನ್ನು ಮತ್ತೆ ಕೂಡಿಸಿ ನಿಜವಾದ ತೂಕಗಳಿಂದ ಚಿತ್ರ ಬರೆದೆವು. ನಲವತ್ತೊಂದು ಚುಕ್ಕಿಗಳೂ ಗೆರೆಯ ಮೇಲಕ್ಕೆ ಎದ್ದು ಕೂತವು. ಮುಂದಿನ ವರ್ಷದ ನೋಟ್‌ಬುಕ್ಕಿನಲ್ಲಿ ಅದೇ ಮಕ್ಕಳನ್ನು ಹುಡುಕಿದೆವು. ಮೂವತ್ತೇಳು ಮಂದಿ ಗೆರೆಯಿಂದ ಚೆನ್ನಾಗಿ ಮೇಲೆ ಹೋಗಿದ್ದಾರೆ, ಯಾರೂ ಕೆಳಗೆ ಬಿದ್ದಿಲ್ಲ. ಹಿಟ್ಟಿನಿಂದಲೇ ಆಯಿತು ಎಂದು ಸಾಧಿಸಲು ಇಷ್ಟು ಕಡಿಮೆ ಮಕ್ಕಳು ಸಾಲದು, ಹೋಲಿಸಲು ಬೇರೆ ಊರಿನ ಅಂಕಿಯೂ ಬೇಕು. ಹಾಗೆಂದೇ ಪುಸ್ತಕದಲ್ಲಿ ಬರೆದಿದ್ದೇನೆ. ಆದರೆ ನಾನು ಆ ನಲವತ್ತೊಂದರಲ್ಲಿ ಒಬ್ಬಳು ಅಕ್ಕೋರೆ. ನನಗೆ ಬೇರೆ ಪುರಾವೆ ಬೇಡ. ಕೊನೆಯ ಅಧ್ಯಾಯಕ್ಕೆ ನಿಮ್ಮ ಹೆಸರು ಹಾಕಿದ್ದೇನೆ, ನೀವು ಹೇಳಿದಂತೆ ತಪ್ಪಿನ ಸಮೇತ. ಮುಖಪುಟದ ಮೇಲೆ ಈಗ ನಿಮ್ಮ ತಕ್ಕಡಿ ಇದೆ.

ಅಮ್ಮನಿಗೆ ಹೇಳಲು ಮೂರು ವಾರ ಬಾಯಿ ಬರಲಿಲ್ಲ. ನಿನ್ನೆ ಸಂಜೆ ಎರಡೂ ಚಿತ್ರಗಳನ್ನು ಅವಳ ಮುಂದೆ ಇಟ್ಟು, ತರಗತಿಯಲ್ಲಿ ಮಾಡುವಂತೆಯೇ ಪಾಠ ಮಾಡಿದೆ. ಇದು ಕೆಂಪು ಗೆರೆ. ಇದು ಅಕ್ಕೋರು ಬರೆದ ಚುಕ್ಕಿ. ಇದು ತಕ್ಕಡಿ ಹೇಳಿದ ಚುಕ್ಕಿ. ಇದು ನಾನು. ಅಮ್ಮ ಬೆರಳಿಟ್ಟು ಗೆರೆಯನ್ನು ಒಮ್ಮೆ ಸವರಿದಳು. ಇವತ್ತು ಬೆಳಿಗ್ಗೆ ಎದ್ದು ನೋಡುತ್ತೇನೆ, ಹೊಸ ಸೀರೆ ಉಟ್ಟು ಕೂತಿದ್ದಾಳೆ. "ಸಿರುಗುಪ್ಪದ ಬಸ್ಸು ಎಷ್ಟಕ್ಕೈತಿ?" ಅಂದಳು. ಚೀಲದಲ್ಲಿ ನಿಮ್ಮ ಒಂಬತ್ತು ನೋಟ್‌ಬುಕ್ ಇವೆ. ಇನ್ನೊಂದು ಗಂಟು ಇದೆ, ಅದರಲ್ಲಿ ಏನಿದೆಯೆಂದು ತೋರಿಸಲಿಲ್ಲ.

ಈ ಕಾಗದ ಅವಳ ಕೈಯಲ್ಲೇ ಬರುತ್ತದೆ. ಓದಲು ಬಾರದವಳ ಕೈಯಲ್ಲಿ ಅವಳದೇ ಸುದ್ದಿ ಕಳಿಸುತ್ತಿದ್ದೇನೆ. ಬೈದರೆ ಬೈಸಿಕೊಳ್ಳಿ ಅಕ್ಕೋರೆ.

ನಿಮ್ಮ ಪಂಪಾ

⁂

ಹೊಳೆದಂಡೆ
21 ಅಕ್ಟೋಬರ್ 2025

ಮಗಾ ಪಂಪಾ,

ನಿಮ್ಮವ್ವ ಬಂದಿದ್ದಳು. ಬೈದಳು. ಮನೆಯೊಳಗೆ ಬಾ ಎಂದರೆ ಬರಲಿಲ್ಲ, ಓಣಿಯಲ್ಲೇ ನಿಂತು ಬೈದಳು. "ಇಪ್ಪತ್ತೈದು ವರ್ಷ! ನನ್ನ ಕೂಸಿಗೆ ನಾನು ಸರಿಯಾಗಿ ಉಣಿಸಲಿಲ್ಲ ಅಂತ ಇಪ್ಪತ್ತೈದು ವರ್ಷ ನನ್ನ ಹೊಟ್ಟ್ಯಾಗ ಬೆಂಕಿ ಇಟ್ಟಿದ್ದೆಲ್ಲವ್ವಾ! ಒಂದು ಮಾತು ಹೇಳಾಕ ಏನಾಗಿತ್ತು ನಿನಗ?" ಅಂದಳು. ಅವತ್ತು ಹತ್ತು ಹೆಂಗಸರಿದ್ದರು, ಇವತ್ತು ಇಪ್ಪತ್ತು ಮಂದಿ ನೆರೆದರು. ನಾನು ಅವರೆಲ್ಲರ ಎದುರೇ ಹೇಳಿದೆ, "ಗಾದೆಮ್ಮ, ನಿನ್ನ ಕೂಸು ಗೆರಿ ಕೆಳಗ ಇರ್ಲಿಲ್ಲ. ನಾನು ಸುಳ್ಳು ಬರದೆ. ನನ್ನದು ತಪ್ಪಾತು." ಮೀಟಿಂಗಿನಲ್ಲಿ ಬಗ್ಗದ ತಲೆ ತಾನಾಗಿ ಬಗ್ಗಿತು.

ಆಮೇಲೆ ಒಳಗೆ ಬಂದಳು. 2000ದ ನೋಟ್‌ಬುಕ್ ತೆಗೆ ಅಂದಳು. ನಿನ್ನ ಪುಟ ತೆಗೆದೆ. ಪಕ್ಕದಲ್ಲಿ ನಾನು ಅಂದು ಎಳೆದ ಕೆಂಪು ಗೆರೆ, ಅದರ ಕೆಳಗೆ ಮಸಿಯಲ್ಲಿ ನಿನ್ನ ಚುಕ್ಕಿ. "ಪೆನ್ಸಿಲ್ ಕೊಡು" ಅಂದಳು. ಹುಟ್ಟಿದಾಗಿನಿಂದ ಒಂದು ಅಕ್ಷರ ಬರೆಯದ ಕೈ ಅದು. ಎಲ್ಲಿ ಇಡಬೇಕು ಎಂದು ಕೇಳಲಿಲ್ಲ. ಪಾಠ ಚೆನ್ನಾಗಿ ಮಾಡಿದ್ದೀಯ ನೀನು. ಗೆರೆಯ ಮೇಲೆ, ಸರಿಯಾದ ಜಾಗದಲ್ಲೇ ಚುಕ್ಕಿ ಇಟ್ಟಳು. ಒತ್ತಿದ ಜೋರಿಗೆ ಪೆನ್ಸಿಲ್ಲಿನ ಮುಳ್ಳು ಮುರಿಯಿತು.

ಆ ಚುಕ್ಕಿಯನ್ನೇ ನೋಡುತ್ತಾ ಕೇಳಿದಳು, "ಈ ಮ್ಯಾಲಿನ ನೂರು ಗ್ರಾಂ ಯಾರದು? ನಿನ್ನ ಹಿಟ್ಟಿಂದೇನು?"

"ಹಿಟ್ಟು ಆಮ್ಯಾಲೆ ಬಂತು ಗಾದೆಮ್ಮ. ಅವತ್ತಿನ ತನಕ ಆಕಿ ಉಂಡಿದ್ದು ಪೂರಾ ನಿನ್ನ ಕೈಯಾಗಿನ ಊಟ" ಅಂದೆ.

ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ನಾನು ಅವಳ ಪಕ್ಕ ಕೂತೆ. ಆಮೇಲೆ ಅವಳೇ ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇತ್ತು. ಇಬ್ಬರೂ ಉಂಡೆವು. ನನಗೆ ಸಾಕು ಎಂದರೂ ಇನ್ನೊಂದು ರೊಟ್ಟಿ ಹಾಕಿದಳು.

ಸಂಜೆಯ ಬಸ್ಸಿಗೆ ಹತ್ತಿಸಲು ಹೋದೆ. ಟಿಕೆಟ್ ಹರಿಯುತ್ತಿದ್ದ ವಾಲ್ಮೀಕಿ "ಏನ್ ಗಾದೆಮ್ಮತ್ತಿ, ಊರು ನೆನಪಾತೇನು?" ಅಂದ. ಅವಳು ಸೀಟಿನಲ್ಲಿ ನೆಟ್ಟಗೆ ಕೂತು, ಬಸ್ಸಿನ ತುಂಬ ಕೇಳುವ ಹಾಗೆ ಹೇಳಿದಳು:

"ನನ್ನ ಮಗಳು ಗೆರಿ ಮ್ಯಾಲೆ ಇದ್ಲಪ್ಪ. ನೂರು ಗ್ರಾಂ ಮ್ಯಾಲೆ."

ಚನ್ನವೀರಮ್ಮ